ಕನ್ನಡ ಕಾವ್ಯದಲ್ಲಿ ಅಕ್ಷರಶುದ್ಧಿ ಮತ್ತು ಜೈನ ವೈಯಾಕರಣರು

ಸಮ್ಯಗ್ಜ್ಞಾನಕ್ಕೆ ನಮ್ಮ ಆಚಾರ್ಯರು ಎಂಟು ಅಂಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಶಬ್ದಾಚಾರ, ಎಂದರೆ ಅಕ್ಷರವನ್ನು ಹೆಚ್ಚುಕಡಿಮೆಯಿಲ್ಲದೆ ಓದುವುದು, ಬರೆಯುವುದು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರ ಕಥೆಯನ್ನು ವೀರಸೇನರ ‘ಧವಲಾ’ ಟೀಕೆ ಹೇಳುತ್ತದೆ. ಶ್ರುತವನ್ನು ಕಲಿಯಲು ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಲು ಆಚಾರ್ಯರು ಒಬ್ಬರಿಗೆ ಒಂದಕ್ಷರ ಹೆಚ್ಚಿನ, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯ ಮಂತ್ರವನ್ನು ಕೊಟ್ಟರು. ಸಾಧಿಸಿದಾಗ ಒಬ್ಬ ದೇವತೆ ಉಬ್ಬುಹಲ್ಲಿನವಳಾಗಿಯೂ ಇನ್ನೊಬ್ಬಳು ಒಕ್ಕಣ್ಣಿನವಳಾಗಿಯೂ ತೋರಿದರು. ಮುನಿಗಳು ಮಂತ್ರವ್ಯಾಕರಣದಿಂದ ದೋಷವನ್ನು ತಿದ್ದಿ ಜಪಿಸಲು ದೇವತೆಗಳು ಸ್ವರೂಪದಲ್ಲಿ ಕಾಣಿಸಿಕೊಂಡರು. ಆ ಮುನಿಗಳೇ ಪುಷ್ಪದಂತ ಭೂತಬಲಿಗಳು, ಷಟ್ಖಂಡಾಗಮದ ಕರ್ತೃಗಳು.

ಈ ದೃಷ್ಟಿ ಕನ್ನಡ ಕಾವ್ಯಕ್ಕೂ ಹರಿದು ಬಂದಿತು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ಕನ್ನಡವನ್ನು ತಿರುಳುಗನ್ನಡವೆಂದು ಕರೆಯಿತು. ಆ ಪುಲಿಗೆರೆ, ಇಂದಿನ ಲಕ್ಷ್ಮೇಶ್ವರ, ನಮ್ಮ ಮಿಶ್ರಿಕೋಟಿಗೆ ದೂರದ ಊರೇನಲ್ಲ. ಸಂಸ್ಕೃತ ಕನ್ನಡಗಳನ್ನು ಅಡ್ಡಾದಿಡ್ಡಿಯಾಗಿ ಸಮಾಸ ಮಾಡುವುದನ್ನು ಆ ಗ್ರಂಥ ಕುದಿಯುವ ಹಾಲಿಗೆ ಬಿದ್ದ ಮಜ್ಜಿಗೆಯ ಹನಿಗೆ ಹೋಲಿಸುತ್ತದೆ. ಹೈನಿನ ಮನೆಯವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

13ನೆಯ ಶತಮಾನದ ಕೇಶಿರಾಜನು, ಜನ್ನನ ಸೋದರಳಿಯ, ‘ಶಬ್ದಮಣಿದರ್ಪಣ’ವನ್ನು ರಚಿಸಿದನು. ವ್ಯಾಕರಣವೆಂದರೆ ಕವಿಯ ಕೈಗೆ ತೊಡಿಸಿದ ಕೋಳವೆಂದು ತಿಳಿಯುವವರು ಈ ಗ್ರಂಥವನ್ನು ನೋಡಬೇಕು. ಅಸಗ, ಗುಣವರ್ಮ, ಪೊನ್ನ, ಪಂಪ ಮೊದಲಾದ ಕವಿಗಳ ಪ್ರಯೋಗವೇ ಅವನಿಗೆ ಆಧಾರ. ಕಾವ್ಯ ಮೊದಲು, ಸೂತ್ರ ಆಮೇಲೆ. ವ್ಯಾಕರಣದಿಂದ ಪದ, ಪದದಿಂದ ಅರ್ಥ, ಅರ್ಥದಿಂದ ತತ್ತ್ವದರ್ಶನ, ಕೊನೆಗೆ ಮುಕ್ತಿಯೆಂದು ಅವನು ತನ್ನ ಶಾಸ್ತ್ರದ ಫಲವನ್ನು ಹೇಳಿಕೊಂಡಿದ್ದಾನೆ.

ಅವನ ಕಾಲಕ್ಕೆ ೞಕಾರವು ಬಾಯಿಮಾತಿನಿಂದ ಜಾರಿ ಳಕಾರದಲ್ಲಿ ಬೆರೆಯುತ್ತಿತ್ತು. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಓಲೆಯನ್ನು ನಕಲು ಮಾಡುವವನಿಗೆ ಈ ಭೇದ ತಿಳಿಯದಿದ್ದರೆ ಪದ್ಯದ ಪ್ರಾಸ ಕೆಡುವುದಲ್ಲದೆ ಬದುಕಿದ್ದಲ್ಲಿ ಕತ್ತಿ ಬಂದು ಕೂಡುತ್ತದೆ! ಆದುದರಿಂದ ಕೇಶಿರಾಜನು ೞಕಾರವಿರುವ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟನು. ಆ ಅಕ್ಷರ ಉಳಿಯಲಿಲ್ಲವಾದರೂ ಪಂಪನನ್ನು ಇಂದು ನಾವು ಸರಿಯಾಗಿ ಓದುವುದಕ್ಕೆ ಆ ಪಟ್ಟಿಯ ನೆರವು ಬಹಳ. ಮುಂದೆ 1604ರಲ್ಲಿ ಭಟ್ಟಾಕಳಂಕನು ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಬರೆದನು.

ಪ್ರತಿಕಾರನ ಕೈತಪ್ಪು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ‘ಧವಲಾ’ವೇ ನಿದರ್ಶನ. ಅದರ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದಿದ್ದವು. 1939ರಲ್ಲಿ ಮೊದಲ ಸಂಪುಟ ಅಚ್ಚಾದುದು ನಕಲು ಪ್ರತಿಗಳ ಆಧಾರದಿಂದ. ಅದರ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಸೂಚಿಸಿದಾಗ ಪಂಡಿತರಲ್ಲಿ ದೊಡ್ಡ ವಿವಾದವೇ ಎದ್ದಿತು, ಏಕೆಂದರೆ ಆ ಒಂದು ಪದದಿಂದ ಸಿದ್ಧಾಂತದ ಅರ್ಥವೇ ಬೇರೆಯಾಗುತ್ತಿತ್ತು. ಕೊನೆಗೆ ಮೂಡುಬಿದಿರೆಯ ಓಲೆಯನ್ನು ತೆಗೆದು ನೋಡಲಾಯಿತು. ಪದ ಅಲ್ಲಿ ಇದ್ದಿತು.