ಮಾನಸ ಅರೋಚಕ

ಶೋಕ, ಭಯ, ಕ್ರೋಧ, ಅತಿಲೋಭ ಮೊದಲಾದ ಮನಃಕ್ಷೋಭೆಗಳಿಂದ ಆಹಾರದ ರುಚಿ ಹಾಗೂ ಊಟದ ಇಚ್ಛೆ ಕುಂದುವ, ಆಯುರ್ವೇದದಲ್ಲಿ ವರ್ಣಿತವಾದ ವ್ಯಾಧಿ. ಅರೋಚಕದ ಐದು ಪ್ರಭೇದಗಳಲ್ಲಿ ಒಂದು. ಉಳಿದ ನಾಲ್ಕು ವಾತ, ಪಿತ್ತ, ಕಫ ಎಂಬ ದೋಷಗಳಿಂದ ಮತ್ತು ಸನ್ನಿಪಾತದಿಂದ, ಎಂದರೆ ಆ ಮೂರೂ ದೋಷಗಳು ಒಟ್ಟಾಗಿ ಕೆರಳುವುದರಿಂದ, ಹುಟ್ಟುವಂಥವು. ಚರಕಸಂಹಿತೆಯ ಚಿಕಿತ್ಸಾಸ್ಥಾನ (ಅಧ್ಯಾಯ 26), ಸುಶ್ರುತಸಂಹಿತೆಯ ಉತ್ತರತಂತ್ರ (ಅಧ್ಯಾಯ 57) ಮತ್ತು ಮಾಧವನಿದಾನಗಳಲ್ಲಿ ಅರೋಚಕದ ನಿರೂಪಣೆಯಿದೆ. ಮನಸ್ಸಿಗೆ ಒಗ್ಗದ ಆಹಾರ, ನೋಟ, ವಾಸನೆಗಳನ್ನೂ ಚರಕಸಂಹಿತೆ ಕಾರಣಗಳಲ್ಲಿ ಸೇರಿಸುತ್ತದೆ.

ರೋಗನಿರ್ಣಯದ ಮುಖ್ಯ ಗುರುತು ಬಾಯಿಯ ಸ್ಥಿತಿ. ವಾತಜದಲ್ಲಿ ಬಾಯಿ ಒಗರು, ಪಿತ್ತಜದಲ್ಲಿ ಖಾರ ಇಲ್ಲವೇ ಹುಳಿ, ಕಫಜದಲ್ಲಿ ಸಿಹಿ ಇಲ್ಲವೇ ಉಪ್ಪಾಗಿರುತ್ತದೆ. ಮಾನಸದಲ್ಲಿ ಬಾಯಿ ಸಹಜವಾಗಿಯೇ ಇದ್ದು ಅರುಚಿ ಮಾತ್ರ ಉಂಟಾಗುತ್ತದೆ. ನಾಲಿಗೆಯ ದೋಷವನ್ನೂ ಮನಸ್ಸಿನ ನೋವನ್ನೂ ಹೀಗೆ ಬೇರ್ಪಡಿಸಿದ್ದು ಸೂಕ್ಷ್ಮವಾದ ವೈದ್ಯಕೀಯ ಅವಲೋಕನ. ಅರುಚಿಗೆ ಬಾಯಿ ಮುಕ್ಕಳಿಸುವುದು, ಧೂಮಪ್ರಯೋಗ, ಇಷ್ಟವಾದ ಅನ್ನಪಾನಗಳ ಜೊತೆಗೆ ಹರ್ಷಣ ಮತ್ತು ಆಶ್ವಾಸನಗಳನ್ನು, ಎಂದರೆ ಸಂತೋಷಪಡಿಸುವುದನ್ನೂ ಧೈರ್ಯ ಹೇಳುವುದನ್ನೂ, ಚಿಕಿತ್ಸೆಯಾಗಿ ವಿಧಿಸಲಾಗಿದೆ.

ಆಧುನಿಕ ವೈದ್ಯಶಾಸ್ತ್ರದಲ್ಲಿ ಖಿನ್ನತೆ ಮತ್ತು ಆತಂಕಗಳ ಲಕ್ಷಣಗಳಲ್ಲಿ ರುಚಿ ಹಾಗೂ ಹಸಿವಿನ ವ್ಯತ್ಯಾಸವೂ ಸೇರಿದೆ. ಆತಂಕದಲ್ಲಿ ಬಾಯಿ ಒಣಗುತ್ತದೆ. ರುಚಿಕಣಗಳು ಜೊಲ್ಲಿನಲ್ಲಿ ಕರಗಿಯೇ ರುಚಿಮೊಗ್ಗುಗಳನ್ನು ತಲುಪಬೇಕಾದ್ದರಿಂದ ರುಚಿ ಮಂಕಾಗುತ್ತದೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತರಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನಃಸ್ಥಿತಿಯೊಂದಿಗೆ ನಂಟಿರುವ ನರರಾಸಾಯನಿಕಗಳಲ್ಲಿ ಸೆರೊಟೋನಿನ್ ಹೆಚ್ಚಿಸುವ ಔಷಧ ಸಿಹಿ, ಕಹಿಗಳ ಗ್ರಹಿಕೆಯನ್ನೂ ನಾರ್‌ಅಡ್ರಿನಲಿನ್ ಹೆಚ್ಚಿಸುವ ಔಷಧ ಕಹಿ, ಹುಳಿಗಳ ಗ್ರಹಿಕೆಯನ್ನೂ ಚುರುಕುಗೊಳಿಸಿದವು. ಸತುವಿನ ಕೊರತೆ, ವೈರಾಣು ಸೋಂಕು, ಕೆಲವು ಔಷಧಗಳಿಂದಲೂ ರುಚಿ ಹೋಗುವುದುಂಟು. ಮಾನಸಿಕವೆಂದು ನಿರ್ಧರಿಸುವ ಮೊದಲು ಇವನ್ನು ಪರೀಕ್ಷಿಸುವುದು ಅಗತ್ಯ.