ಶರ್ತಿ ಪದ್ಧತಿ ಮತ್ತು 1831ರ ಮೈಸೂರು: ಚಾಮುಂಡಿ ಬೆಟ್ಟದ ಗೋಪುರದ ಕಾಲದ ಆಡಳಿತ

ಚಾಮುಂಡಿ ಬೆಟ್ಟದ ದೇವಾಲಯದ ಈಗಿನ ಮಹಾದ್ವಾರ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ನಿರ್ಮಿಸಿದರು. ಸಂಸ್ಕೃತ ಶ್ಲೋಕಗಳನ್ನು ಕೆತ್ತಿದ ನಕ್ಷತ್ರಮಾಲಿಕೆಯೆಂಬ ಆಭರಣವೂ ದೇವಿಗೆ ಅವರಿಂದಲೇ ಸಂದಿತು. ದೇವಾಲಯದೊಳಗೆ ಮೂವರು ರಾಣಿಯರೊಡನೆ ಕೈಮುಗಿದು ನಿಂತ ಅವರ ಭಕ್ತವಿಗ್ರಹವನ್ನು ಇಂದಿಗೂ ಕಾಣಬಹುದು. ಗೋಪುರ ಎದ್ದ ನಾಲ್ಕೇ ವರ್ಷಗಳಲ್ಲಿ, 1831ರ ಅಕ್ಟೋಬರಿನಲ್ಲಿ, ರಾಜ್ಯಾಧಿಕಾರವು ಅರಸರ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಅರಸರ ದುಂದುವೆಚ್ಚ, ಅನುಗ್ರಹೀತರಿಗೆ ನೀಡಿದ ದಾನ, ಅಧಿಕಾರಿಗಳ ಭ್ರಷ್ಟತೆ ಇವೇ ಅದಕ್ಕೆ ಕಾರಣವೆಂದು ಕಂಪನಿಯ ಬರಹಗಳು ಸಾರಿದವು. ಈ ಮೂರನ್ನೂ ಒಂದೇ ದೋಷವೆಂಬಂತೆ ಹೇಳುವ ಕ್ರಮ ಪರಿಶೀಲನೆಗೆ ಅರ್ಹವಾಗಿದೆ. ದುಂದುವೆಚ್ಚವು ಬೊಕ್ಕಸವನ್ನು ಬರಿದುಮಾಡಿರಬಹುದು. ಆದರೆ ರೈತನನ್ನು ದಂಗೆಗೆ ನೂಕಿದ್ದು ಕಂದಾಯ ವಸೂಲಿಯ ವಿಧಾನ.

ಆ ವಿಧಾನಕ್ಕೆ ಶರ್ತಿ ಪದ್ಧತಿ ಎಂದು ಹೆಸರು. ತಾಲ್ಲೂಕಿನಿಂದ ಇಂತಿಷ್ಟು ಹಣ ಸಲ್ಲಿಸುವುದಾಗಿ ಅಮಲ್ದಾರನು ಸರ್ಕಾರಕ್ಕೆ ಬರೆದುಕೊಡಬೇಕಿತ್ತು. ವಸೂಲಿ ಕಡಿಮೆಯಾದರೆ ನಷ್ಟವನ್ನು ಅವನೇ ತುಂಬಬೇಕು. ಹೆಚ್ಚಾದರೆ ಹೆಚ್ಚುವರಿ ಸರ್ಕಾರಕ್ಕೆ ಸೇರಬೇಕು. ಒಪ್ಪಿಕೊಳ್ಳುವ ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷದ ವಸೂಲಿಗಿಂತ ಅಧಿಕವಾಗಿರುತ್ತಿತ್ತು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ಬಲವಂತವಾಗಿ ಕೊಳ್ಳುವಂತೆ ಮಾಡುವುದಿಲ್ಲ ಎಂಬ ವಾಕ್ಯಗಳೂ ಮುಚ್ಚಳಿಕೆಯಲ್ಲಿದ್ದವು. ಅವು ಕಾಗದದಲ್ಲೇ ಉಳಿದವು. ನಿಷೇಧಿಸಬೇಕಾಗಿ ಬಂದ ಕೃತ್ಯಗಳ ಈ ಪಟ್ಟಿಯೇ ಅವು ಎಷ್ಟು ವಾಡಿಕೆಯಲ್ಲಿದ್ದವೆಂಬುದಕ್ಕೆ ಸಾಕ್ಷಿ. ಉನ್ನತ ಹುದ್ದೆಗಳು ಹೆಚ್ಚು ಹಣ ಕೊಟ್ಟವರ ಪಾಲಾಗುತ್ತಿದ್ದವೆಂದು ಬಿ. ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಹಣ ತೆತ್ತು ಬಂದವನು ಅದನ್ನು ತನ್ನ ಕೆಳಗಿನವನಿಂದ, ಅವನು ಶಾನುಭೋಗ ಪಟೇಲರ ಮೂಲಕ ರೈತನಿಂದ ಪಡೆಯುವುದು ಅನಿವಾರ್ಯ. ದಕ್ಷಿಣ ಭಾರತದ ಕಾಲುವೆ ನೀರಾವರಿ ಇಲಾಖೆಯಲ್ಲಿ ವರ್ಗಾವಣೆಗೆ ಬೆಲೆ ಕಟ್ಟುವ ಪದ್ಧತಿಯನ್ನು ಕುರಿತು ರಾಬರ್ಟ್ ವೇಡ್ 1982ರಲ್ಲಿ ಪ್ರಕಟಿಸಿದ ಅಧ್ಯಯನವು ಇದೇ ಸರಪಳಿಯನ್ನು ಗುರುತಿಸಿದೆ. ಅಭಿವೃದ್ಧಿಶೀಲ ರಾಷ್ಟ್ರಗಳ ಭ್ರಷ್ಟತೆಯನ್ನು ಸ್ವಾತಂತ್ರ್ಯೋತ್ತರ ಆಡಳಿತದ ಕೊಡುಗೆಯೆಂದಷ್ಟೇ ಭಾವಿಸುವವರು ಶರ್ತಿಯನ್ನು ಗಮನಿಸಬೇಕು.

ನಗರ ಫೌಜುದಾರಿಯ ಪ್ರಕರಣ ಇನ್ನೂ ಜಟಿಲ. ಅಲ್ಲಿ ಒಂದೇ ಕುಟುಂಬದ ಬಂಧುವರ್ಗ ದೀರ್ಘಕಾಲ ಅಧಿಕಾರದಲ್ಲಿತ್ತು. 1828ರಲ್ಲಿ ಫೌಜುದಾರರಾಗಿ ಬಂದ ಅರಸರ ಬಂಧುವೊಬ್ಬರು ಹಿಂದಿನವರು ನೀಡಿದ್ದ ಕಂದಾಯದ ಮಾಫಿಗಳಲ್ಲಿ ಮೋಸವಿದೆಯೆಂದು ಶಂಕಿಸಿ, ಅನಧಿಕೃತವೆಂದು ತೋರಿದವನ್ನು ರದ್ದುಪಡಿಸಿದರು. ಶಂಕೆ ನಿರಾಧಾರವೆನ್ನಲಾಗದು. ಆದರೆ ಮೋಸದ ಲಾಭ ಪಡೆದವರು ಯಾರೇ ಇರಲಿ, ಬಾಕಿಯ ಹೊರೆ ಬಿದ್ದುದು ರೈತನ ಮೇಲೆ. ಭ್ರಷ್ಟತೆಯೂ ಅದರ ತಿದ್ದುಪಡಿಯೂ ಒಂದೇ ಮನೆಯ ಬಾಗಿಲು ತಟ್ಟಿದವು. 1830ರಲ್ಲಿ ರೈತರು ಕೂಟಗಳಾಗಿ ಸೇರಿ ಕಂದಾಯ ನಿರಾಕರಿಸಿದರು. ನಗರದ ಗಾದಿಗೆ ಹಕ್ಕು ಸಾರಿದ ಬೂದಿ ಬಸವಪ್ಪನೂ ತರೀಕೆರೆಯ ಪಾಳೆಯಗಾರನೂ ಈ ಅಸಮಾಧಾನವನ್ನು ಬಳಸಿಕೊಂಡರು. ದಂಗೆಯನ್ನಡಗಿಸಲು ಕಂಪನಿಯ ಸೈನ್ಯ ಬರಬೇಕಾಯಿತು.

ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ ಪೊಗದಿ ಸಲ್ಲಿಸಬೇಕಿತ್ತು. ಈ ಪೊಗದಿಗೆ ಅಪಾಯ ಒದಗಿದೆಯೆಂಬ ನೆಲೆಯಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತ ವಹಿಸಿಕೊಂಡರು. ಹಾಕರ್, ಮಾರಿಸನ್, ಮೆಕ್ಲಿಯಾಡ್, ಕಬ್ಬನ್ ಅವರ ಸಮಿತಿ 1833ರಲ್ಲಿ ವರದಿ ಒಪ್ಪಿಸಿದ ಮೇಲೆ ಬೆಂಟಿಂಕರಿಗೇ ತಮ್ಮ ಕ್ರಮದ ಔಚಿತ್ಯದಲ್ಲಿ ಸಂದೇಹ ಮೂಡಿತು. 1834ರಲ್ಲಿ ಅವರು ಮೈಸೂರು, ಅಷ್ಟಗ್ರಾಮ, ಮಂಜರಾಬಾದು ಪ್ರಾಂತಗಳನ್ನು ಅರಸರಿಗೆ ಮರಳಿಸಲು ಸೂಚಿಸಿದರು; ಇಂಗ್ಲೆಂಡಿನ ಅಧಿಕಾರಿಗಳು ಒಪ್ಪಲಿಲ್ಲ.

ಮುಂದೆ ಕಬ್ಬನ್ನರ ಆಡಳಿತದಲ್ಲಿ 769 ಬಗೆಯ ಕಿರುತೆರಿಗೆಗಳು ರದ್ದಾದವು. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಹೆಸರಿಟ್ಟದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ತೆರಿಗೆಗಳಿದ್ದವು. ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂದು ಒಂದು ಊರಿನವರು ತೆರುತ್ತಿದ್ದರು. ನಗರ ಪ್ರಾಂತದ ಒಂದೆಡೆ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದವನೂ ಹಣ ಕೊಡಬೇಕಿತ್ತು! ಪಾಳೆಯಗಾರರ ಕಾಲದ ಇಂಥ ವಸೂಲಿಗಳನ್ನೆಲ್ಲ ಮುಮ್ಮಡಿಯವರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಅವನ್ನು ತೆಗೆಯದೆ ಉಳಿಸಿದ್ದು, ಅವುಗಳ ಮೇಲೆ ಶರ್ತಿಯನ್ನೂ ಹೇರಿದ್ದು ಮಾತ್ರ ಅವರ ಕಾಲದ ಆಡಳಿತಕ್ಕೆ ಸಲ್ಲುವ ಆಪಾದನೆ.

ರಾಜ್ಯವನ್ನು ಮರಳಿ ಪಡೆಯಲು ಮೂರು ದಶಕಗಳಿಗೂ ಹೆಚ್ಚು ಕಾಲ ಮನವಿ ಸಲ್ಲಿಸುತ್ತಲೇ ಇದ್ದ ಮುಮ್ಮಡಿಯವರು 1868ರ ಮಾರ್ಚ್ 27ರಂದು ನಿಧನರಾದರು. ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಹಸ್ತಾಂತರವಾದದ್ದು 1881ರ ಮಾರ್ಚ್ 25ರಂದು.