17 ಸೆಕೆಂಡು ಮತ್ತು ಆಮೇಲಿನ ಆಟ

ಕೋಲ್ಕತ್ತಕ್ಕೆ ಬಂದ ಹೊಸದರಲ್ಲಿ ನನಗೆ ಈ ಊರಿನ ಫುಟ್‌ಬಾಲ್ ಹುಚ್ಚು ತಲೆಗೆ ಹತ್ತಿರಲಿಲ್ಲ. ಆಫೀಸು ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ. ಡರ್ಬಿ ಇದ್ದ ದಿನ ನನ್ನ ಟೀಮು ನಡುವೆ ಗೆರೆ ಎಳೆದ ಹಾಗೆ ಎರಡಾಗುತ್ತಿತ್ತು. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ದರೆ ಸೀಗಡಿ. ಮಾತು ಜಗಳಕ್ಕೆ ತಿರುಗಿದಾಗ ಒಂದು ಪಾಳಯದವರು ‘5-0’ ಅನ್ನುತ್ತಿದ್ದರು, ಇನ್ನೊಂದು ಪಾಳಯದವರು ‘17 ಸೆಕೆಂಡು’ ಅನ್ನುತ್ತಿದ್ದರು. ಹೇಳುವವರು ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಎರಡು ಸಂಖ್ಯೆಗಳೂ ನಿನ್ನೆ ಮೊನ್ನೆಯವು ಎಂಬಂತೆ ಹೇಳುತ್ತಿದ್ದರು.

ಮೊದಲನೆಯದು 1975ರ ಸೆಪ್ಟೆಂಬರ್ 30ರ ಕಥೆ. ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಐದು ಗೋಲು ಹೊಡೆಯಿತು, ಮೋಹನ್ ಬಗಾನ್ ಒಂದನ್ನೂ ಹೊಡೆಯಲಿಲ್ಲ. ಶ್ಯಾಮ್ ಥಾಪಾ ಒಬ್ಬರೇ ಎರಡು ಹೊಡೆದರು. ಅದು ಒಂದು ದಿನದ ಸೋಲೂ ಆಗಿರಲಿಲ್ಲ. 1970ರಿಂದ 1975ರವರೆಗೆ ಸತತ ಆರು ವರ್ಷ ಕೋಲ್ಕತ್ತ ಲೀಗ್ ಪ್ರಶಸ್ತಿ ಈಸ್ಟ್ ಬೆಂಗಾಲ್‌ನದೇ. 1911ರಲ್ಲಿ ಬ್ರಿಟಿಷ್ ಪಲ್ಟನ್ನಿನ ತಂಡವನ್ನು ಬರಿಗಾಲಲ್ಲಿ ಸೋಲಿಸಿ ಅದೇ ಶೀಲ್ಡ್ ಗೆದ್ದಿದ್ದ ಕ್ಲಬ್ಬಿಗೆ ಬಂದ ಗತಿ ಇದು. ದುಃಖ ತಾಳಲಾರದೆ ಒಬ್ಬ ಯುವ ಅಭಿಮಾನಿ ಜೀವವನ್ನೇ ಕಳೆದುಕೊಂಡ.

ಮರುವರ್ಷ ಮೋಹನ್ ಬಗಾನ್ ಕೋಚ್ ಆಗಿ ಬಂದವರು ಪಿ.ಕೆ. ಬ್ಯಾನರ್ಜಿ. ಅಲ್ಲಿಯತನಕ ಈಸ್ಟ್ ಬೆಂಗಾಲ್ ಕೋಚ್ ಆಗಿ ಆ ಗೆಲುವುಗಳನ್ನು ಕೊಡಿಸುತ್ತಿದ್ದವರೂ ಅವರೇ. ಆಟಗಾರರನ್ನು ಮಾತಿನಿಂದ ಹುರಿದುಂಬಿಸುವ ಅವರ ರೀತಿಗೆ ‘ವೋಕಲ್ ಟಾನಿಕ್’ ಎಂದೇ ಹೆಸರು. ಹೈದರಾಬಾದಿನ ಅಣ್ಣತಮ್ಮಂದಿರಾದ ಹಬೀಬ್ ಮತ್ತು ಅಕ್ಬರ್ ಕೂಡ ತಂಡಕ್ಕೆ ಬಂದರು. 1976ರ ಜುಲೈ 24ರಂದು ಲೀಗ್‌ನಲ್ಲಿ ಎರಡೂ ತಂಡಗಳು ಎದುರಾದವು. ಸೀಟಿ ಊದಿತು. ಉಲಗನಾಥನ್ ಅಂಚಿನಿಂದ ಚೆಂಡು ತೂರಿದರು, ಅಕ್ಬರ್ ತಲೆ ಕೊಟ್ಟರು. ಗೋಲು! ಆಟ ಶುರುವಾಗಿ ಕಳೆದದ್ದು 17 ಸೆಕೆಂಡು. ಪಂದ್ಯ 1-0ಗೇ ಮುಗಿಯಿತು. ಆ ವರ್ಷದ ಲೀಗ್ ಪ್ರಶಸ್ತಿ ಮೋಹನ್ ಬಗಾನ್‌ಗೆ ಬಂತು.

ಉಲಗನಾಥನ್ ನಮ್ಮ ಬೆಂಗಳೂರಿನವರು ಎಂದು ತಿಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಐಟಿಯವರು ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಊರೂರು ಅಲೆಯುವ ಎಷ್ಟೋ ವರ್ಷ ಮೊದಲೇ ಬೆಂಗಳೂರಿನ ಹುಡುಗರು ಬೂಟು ಕಟ್ಟಿಕೊಂಡು ಈ ಊರಿಗೆ ಬಂದಿದ್ದರು. ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರಲ್ಲಿ ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದ ಅರುಮೈನಾಯಗಂ ಕೂಡ ಅಲ್ಲಿಯವರೇ, ಮೋಹನ್ ಬಗಾನ್‌ಗೆ ಆಡಿದವರು.

ಈಗ ಅದೃಷ್ಟದ ಮಾತಿಗೆ ಬರೋಣ. 17ನೇ ಸೆಕೆಂಡಿನ ಗೋಲನ್ನು ಯಾವ ಕೋಚ್ ಕೂಡ ಬೋರ್ಡಿನ ಮೇಲೆ ಬರೆದು ಹೊಡೆಸಲಾರ. ಆ ಚೆಂಡು ಒಂದು ಗೇಣು ಆಚೆ ಬಿದ್ದಿದ್ದರೆ ಏನಾಗುತ್ತಿತ್ತೋ! ಉಲಗನಾಥನ್ ಅವರ ಕಾಲಿಗೂ ಅಕ್ಬರ್ ಅವರ ತಲೆಗೂ ಸಲ್ಲಬೇಕಾದ ಪಾಲನ್ನು ಕೊಟ್ಟ ಮೇಲೂ ಅದೃಷ್ಟದ ಪಾಲು ಒಂದಿಷ್ಟು ಉಳಿಯುತ್ತದೆ. ಆದರೆ ಆ ಅದೃಷ್ಟ ಮಾಡಿದ ಕೆಲಸ ನೋಡಿ. ಗೋಲು ಬಾರದೆ ಒದ್ದಾಡುವ ಸ್ಟ್ರೈಕರ್‌ಗೆ ಆಟ ಮರೆತಿರುವುದಿಲ್ಲ. ಅವನಿಗೆ ಯೋಚನೆ ಹೆಚ್ಚಾಗಿರುತ್ತದೆ. ಒದೆಯಬೇಕಾದ ಕಡೆ ಅರೆಗಳಿಗೆ ತಡೆಯುತ್ತಾನೆ, ಪಕ್ಕದವನಿಗೆ ಪಾಸು ಕೊಟ್ಟು ಜವಾಬ್ದಾರಿ ಕಳಚಿಕೊಳ್ಳುತ್ತಾನೆ, ಇಲ್ಲವೇ ಕಣ್ಣುಮುಚ್ಚಿ ಜೋರಾಗಿ ಒದ್ದು ಚೆಂಡನ್ನು ಆಕಾಶಕ್ಕೆ ಕಳಿಸುತ್ತಾನೆ. ಮೊಣಕಾಲಿಗೆ ತಾಗಿ ಒಳಗೆ ಹೋದ ಗೋಲೂ ಲೆಕ್ಕದಲ್ಲಿ ಗೋಲೇ. ಒಂದು ಬಿತ್ತೆಂದರೆ ಆ ಅರೆಗಳಿಗೆಯ ಅನುಮಾನ ಹೋಗುತ್ತದೆ. 1976ರಲ್ಲಿ ಒದ್ದಾಡುತ್ತಿದ್ದದ್ದು ಅಕ್ಬರ್ ಅಲ್ಲ, ಒಂದು ಇಡೀ ಕ್ಲಬ್ಬು. ಐದು ಗೋಲಿನ ನೆನಪು ತಲೆ ಎತ್ತುವುದಕ್ಕೆ ಆವತ್ತು ಪುರುಸೊತ್ತೇ ಸಿಗಲಿಲ್ಲ. ಆಮೇಲಿನ ಆಟವನ್ನೆಲ್ಲ ಅದೃಷ್ಟ ಆಡಲಿಲ್ಲ. ಗೋಲು ಬಿಡದೆ ಕೊನೆಯ ಸೀಟಿಯವರೆಗೆ ಕಾದವರು ಹನ್ನೊಂದು ಜನ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸುಲಭವಾಗುತ್ತದೆ. 5-0 ಪಂದ್ಯದಲ್ಲಿ ಮೋಹನ್ ಬಗಾನ್‌ನ ಗೋಲ್‌ಕೀಪರ್ ಆಗಿದ್ದವರು ಯುವಕ ಭಾಸ್ಕರ್ ಗಂಗೂಲಿ. ನಾಲ್ಕು ಗೋಲು ಬಿಟ್ಟ ಮೇಲೆ ಅವರನ್ನು ಹೊರಗೆ ಕರೆದು ಬೇರೊಬ್ಬರನ್ನು ನಿಲ್ಲಿಸಲಾಯಿತು. ಲಕ್ಷ ಕಣ್ಣುಗಳ ಊರಿನಲ್ಲಿ ಆ ನಡಿಗೆ ಎಷ್ಟು ಉದ್ದ ಇದ್ದೀತು! ಸ್ಟ್ರೈಕರ್‌ಗೆ ಅದೃಷ್ಟದ ಗೋಲು ಬರಬಹುದು, ಗೋಲ್‌ಕೀಪರ್‌ಗೆ ಅಂಥದ್ದೊಂದು ಎಲ್ಲಿಂದ ಬರಬೇಕು? ಮರುವರ್ಷ ಅವರನ್ನು ಸೇರಿಸಿಕೊಂಡದ್ದು ಐದು ಗೋಲು ಹೊಡೆದ ಅದೇ ಈಸ್ಟ್ ಬೆಂಗಾಲ್. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ತಂಡದ ನಾಯಕ ಅದೇ ಭಾಸ್ಕರ್ ಗಂಗೂಲಿ. ಅವರ ಪಾಲಿನ ಅದೃಷ್ಟ ಗೋಲಿನ ರೂಪದಲ್ಲಿ ಬರಲಿಲ್ಲ. ಯಾರೋ ಮತ್ತೆ ಕಂಬಗಳ ನಡುವೆ ನಿಲ್ಲಿಸಿದರು, ಅದೇ ಅದೃಷ್ಟ. ಯೋಚಿಸಿದರೆ ಸ್ಟ್ರೈಕರ್‌ಗೂ ಇದೇ ಮಾತು. ಮೊಣಕಾಲಿಗೆ ತಾಗುವ ಚೆಂಡು ಬರುವ ಹೊತ್ತಿಗೆ ಅವನು ಮೈದಾನದಲ್ಲಿ ಇರಬೇಕಲ್ಲ? ಬೆಂಚಿನ ಮೇಲೆ ಕೂತವನ ಮೊಣಕಾಲಿಗೆ ಯಾವ ಚೆಂಡೂ ತಾಗುವುದಿಲ್ಲ.

ಈ ಮಾತು ಬರೆಯುವಾಗ ನನಗೆ ಒಬ್ಬ ಹುಡುಗನ ನೆನಪು ಕಾಡುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಟೀಮಿನಲ್ಲಿದ್ದ. ಒಂದು ರಾತ್ರಿ ಅವನು ಮಾಡಿದ ರಿಲೀಸ್ ಕೆಟ್ಟು, ಬೆಳಗಿನ ಜಾವದವರೆಗೆ ಎಲ್ಲರೂ ಒದ್ದಾಡಿದೆವು. ತಪ್ಪು ಅವನೊಬ್ಬನದೇ ಆಗಿರಲಿಲ್ಲ, ನಾನೂ ನೋಡಿ ಸಹಿ ಹಾಕಿದ್ದೆ. ಆದರೂ ಅವನನ್ನು ಆ ಕೆಲಸದಿಂದ ತೆಗೆದು ಡಾಕ್ಯುಮೆಂಟ್ ಬರೆಯಲು ಕೂರಿಸಿದೆ. ‘ಸ್ವಲ್ಪ ದಿನ ಸುಧಾರಿಸಿಕೊಳ್ಳಲಿ’ ಎಂದು ನನಗೆ ನಾನೇ ಹೇಳಿಕೊಂಡೆ. ಚುರುಕಾಗಿದ್ದ ಹುಡುಗ ಒಂದು ಮೇಲ್ ಕಳಿಸಲೂ ಮೂರು ಸಲ ನನ್ನನ್ನು ಕೇಳುವಂತಾದ. ಆರು ತಿಂಗಳಿಗೆ ಕೆಲಸ ಬಿಟ್ಟ. ಚೆಂಡೇ ಬಾರದ ಜಾಗದಲ್ಲಿ ಅವನನ್ನು ನಿಲ್ಲಿಸಿದವನು ನಾನು.

ಕಳೆದ ತಿಂಗಳು ಇನ್ನೊಬ್ಬಳ ರಿಲೀಸ್ ಹೀಗೇ ಕೈಕೊಟ್ಟಿತು. ಮುಂದಿನ ಪಟ್ಟಿ ಮಾಡುವಾಗ ಅವಳ ಹೆಸರನ್ನು ಅಳಿಸಲು ಕೈ ಹೋಯಿತು, ಅಲ್ಲೇ ತಡೆದೆ. ಬರುವ ಶನಿವಾರ ರಾತ್ರಿ ಅವಳದೇ ಸರದಿ. ನಾನೂ ಎದ್ದಿರುತ್ತೇನೆ.